ಲ್ಯಾಪ್‌ಟಾಪಿಗೆ ಜ್ವರ ಬಂದಾಗ

ಒಂದು ಕಾಲದಲ್ಲಿ ಮನೆಯ ಹೊಲಿಗೆಯಂತ್ರಕ್ಕೂ ರೇಡಿಯೋ ಪೆಟ್ಟಿಗೆಗೂ ಸಲ್ಲುತ್ತಿದ್ದ ಮರ್ಯಾದೆ ಇಂದು ಲ್ಯಾಪ್‌ಟಾಪಿಗೆ ಸಲ್ಲುತ್ತಿದೆ. ಯಜಮಾನರ ಕಚೇರಿಯ ಲೆಕ್ಕಪತ್ರ, ಮಗಳ ಕಾಲೇಜಿನ ಪ್ರಬಂಧ, ಗೃಹಿಣಿಯ ಬ್ಯಾಂಕಿನ ವ್ಯವಹಾರ, ದೂರದೇಶದಲ್ಲಿರುವ ಮೊಮ್ಮಗನ ಮುಖವನ್ನು ಅಜ್ಜಿ ಕಣ್ತುಂಬ ನೋಡುವ ಭಾನುವಾರದ ಸಂಭಾಷಣೆ, ಇವೆಲ್ಲಕ್ಕೂ ಆ ಒಂದೇ ಪೆಟ್ಟಿಗೆ ಆಧಾರ. ಹೀಗಿರುವಾಗ ಅದು ಕೈಯಿಟ್ಟರೆ ಚುರುಕ್ಕೆನ್ನುವಷ್ಟು ಕಾದು, ಒಳಗಿನ ಫ್ಯಾನು ಭೋರೆಂದು ಸದ್ದುಮಾಡಿ, ಅರ್ಧ ಕೆಲಸದಲ್ಲಿ ತಾನಾಗಿ ಆರಿಹೋಯಿತೆಂದರೆ ಮನೆಮಂದಿಗೆಲ್ಲ ಗಾಬರಿಯಾಗುವುದು ಸಹಜವೇ.

ಗಾಬರಿಯಲ್ಲಿ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಮೇಜಿನ ಫ್ಯಾನನ್ನು ಅದರ ಕಡೆಗೆ ತಿರುಗಿಸಿ, ದೇವರ ಮೇಲೆ ಭಾರ ಹಾಕಿ ಕೆಲಸ ಮುಂದುವರಿಸುತ್ತಾರೆ. ಮತ್ತೆ ಕೆಲವರು ಅದನ್ನು ಬಗಲಿಗೇರಿಸಿಕೊಂಡು ರಿಪೇರಿ ಅಂಗಡಿಗೆ ಧಾವಿಸುತ್ತಾರೆ. ಅಲ್ಲಿ ಕುಳಿತಾತ ಪ್ರಾಮಾಣಿಕನಾದರೆ ಸರಿ. ಇಲ್ಲವಾದರೆ, "ಮದರ್‌ಬೋರ್ಡೇ ಹೋಗಿದೆ ಸಾರ್, ಇದಕ್ಕೆ ದುಡ್ಡು ಸುರಿಯೋದಕ್ಕಿಂತ ಹೊಸದನ್ನೇ ತಗೊಂಡುಬಿಡಿ" ಎಂಬ ತೀರ್ಪು ಸಿದ್ಧವಾಗಿರುತ್ತದೆ. ಮಗನ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣ ಅಲ್ಲಿಗೆ ಕರಗಿದಂತೆಯೇ. ಎಷ್ಟೋ ವೇಳೆ ಆ ಬಡಯಂತ್ರಕ್ಕೆ ಬೇಕಾಗಿದ್ದುದು ಮೂಗಿನೊಳಗೆ ಕಟ್ಟಿಕೊಂಡ ಧೂಳನ್ನು ತೆಗೆಯುವುದಷ್ಟೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಹಿಡಿಯುವುದೆಂದರೆ ಇದೇ ತಾನೆ?

ಆದಕಾರಣ ಈ ವಾರ ವಾಚಕರಲ್ಲಿ ಅರಿಕೆ ಮಾಡಬೇಕಾದ ಮಾತು ಒಂದೇ. ಜ್ವರವು ಹೇಗೆ ತಾನೇ ಒಂದು ರೋಗವಾಗಿರದೆ ಒಳಗಿನ ರೋಗದ ಲಕ್ಷಣವೋ, ಲ್ಯಾಪ್‌ಟಾಪಿನ ಕಾವೂ ಹಾಗೆಯೇ. ಬಲ್ಲ ವೈದ್ಯರು ಮೊದಲು ನಾಡಿ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಅನಂತರ ಔಷಧಿ ಬರೆಯುತ್ತಾರೆ. ನಾವೂ ಕಾಸು ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ, ಕಾಸು ಬೇಡುವ ಚಿಕಿತ್ಸೆಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗತಕ್ಕದ್ದು. ಈ ನಿಯಮಕ್ಕೆ ಒಂದೇ ಒಂದು ಅಪವಾದವುಂಟು. ಅದು ಪ್ರಾಣಕ್ಕೆ ಸಂಬಂಧಪಟ್ಟದ್ದು. ಅದನ್ನು ಕಡೆಯಲ್ಲಿ ವಿವರವಾಗಿ ಹೇಳುತ್ತೇವೆ.

ಕಾವು ಹುಟ್ಟುವ ಬಗೆ

ಲ್ಯಾಪ್‌ಟಾಪು ಬಿಸಿಯಾಗುವುದೇ ತಪ್ಪೆಂದು ಭಾವಿಸಬೇಡಿ. ಅದು ನುಂಗುವ ವಿದ್ಯುತ್ತೆಲ್ಲ ಕಟ್ಟಕಡೆಗೆ ಶಾಖವಾಗಿಯೇ ಹೊರಬೀಳಬೇಕು. ತೆಳ್ಳಗಿನ ಸಾಧಾರಣ ಲ್ಯಾಪ್‌ಟಾಪುಗಳಲ್ಲಿ ಲೆಕ್ಕ ಮಾಡುವ ಮುಖ್ಯ ಅಂಗವಾದ ಪ್ರಾಸೆಸರನ್ನು ಸುಮಾರು 15 ವಾಟಿನ ಅಳತೆಗೆ ರೂಪಿಸಿರುತ್ತಾರೆ. ಆಟಕ್ಕೂ ಚಲಚ್ಚಿತ್ರ ಸಂಕಲನಕ್ಕೂ ಮಾರುವ ದೊಡ್ಡ ಯಂತ್ರಗಳಲ್ಲಿ ಅದು 45 ವಾಟು ಅಥವಾ ಅದಕ್ಕೂ ಮಿಗಿಲು. ಹಿಂದಿನ 40 ವಾಟಿನ ಗಾಜಿನ ಬುರುಡೆಯನ್ನು ಉರಿಯುತ್ತಿರುವಾಗ ಮುಟ್ಟಿ ಬೆರಳು ಸುಟ್ಟುಕೊಂಡವರು ನಮ್ಮಲ್ಲಿ ಕಡಮೆಯಿಲ್ಲ. ಅಂಥದೊಂದು ಬುರುಡೆಯನ್ನು ಪುಸ್ತಕದಷ್ಟು ತೆಳ್ಳಗಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಹೇಗಿದ್ದೀತು ಎಂದು ಊಹಿಸಿ ನೋಡಿ.

ಗಣಕಯಂತ್ರಕ್ಕೂ ಕಾವಿಗೂ ಇರುವ ಜಗಳ ಇಂದಿನದಲ್ಲ. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಗಣಕದಲ್ಲಿ ಸುಮಾರು 18,000 ವಾಲ್ವುಗಳಿದ್ದುವು. ಅದು ಸುಮಾರು 150 ಕಿಲೋವಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ಒಂದು ದೊಡ್ಡ ಕೋಣೆಯನ್ನೇ ತುಂಬಿದ್ದ ಆ ಯಂತ್ರವನ್ನು ತಣ್ಣಗಿಡುವುದಕ್ಕೆ ಪ್ರತ್ಯೇಕ ಗಾಳಿಯಂತ್ರಗಳನ್ನೇ ಇರಿಸಬೇಕಾಗಿತ್ತು. ಇಂದಿನ ಯಂತ್ರ ಅದಕ್ಕಿಂತ ಎಷ್ಟೋ ಮಿತವ್ಯಯಿ. ಆದರೆ ಅದಕ್ಕಿರುವ ಜಾಗವೂ ಅಷ್ಟೇ ಇಕ್ಕಟ್ಟು.

ಒಳಗಿನ ಏರ್ಪಾಡು ಬಹಳ ಸೊಗಸಾದದ್ದು. ಪ್ರಾಸೆಸರಿನ ಬೆನ್ನಿಗೆ ಬೂದುಬಣ್ಣದ ಒಂದು ಲೇಪವನ್ನು ತೆಳುವಾಗಿ ಸವರಿ, ಅದರ ಮೇಲೆ ತಾಮ್ರದ ತಗಡನ್ನು ಒತ್ತಿ ಕೂರಿಸಿರುತ್ತಾರೆ. ತಗಡಿಗೆ ತಾಮ್ರದ ಚಪ್ಪಟೆ ಕೊಳವೆ ಅಂಟಿಕೊಂಡಿರುತ್ತದೆ. ಕೊಳವೆಯೊಳಗಿನ ಗಾಳಿಯನ್ನೆಲ್ಲ ತೆಗೆದು, ಚೂರೇ ಚೂರು ನೀರನ್ನು ಬಿಟ್ಟು ಬಾಯಿ ಮುಚ್ಚಿರುತ್ತಾರೆ. ಬಿಸಿಯಾದ ತುದಿಯಲ್ಲಿ ನೀರು ಆವಿಯಾಗಿ ತಣ್ಣನೆಯ ತುದಿಗೆ ಓಡುತ್ತದೆ. ಅಲ್ಲಿ ಶಾಖವನ್ನು ಬಿಟ್ಟು ಮತ್ತೆ ನೀರಾಗಿ ಹಿಂದಿರುಗುತ್ತದೆ. 1963ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ ಬಾಹ್ಯಾಕಾಶದ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿ ತೋರಿಸಿದ ಉಪಾಯವು ಇಂದು ನಮ್ಮ ಊಟದ ಮೇಜಿನ ಮೇಲೆ ಸದ್ದಿಲ್ಲದೆ ದುಡಿಯುತ್ತಿದೆಯೆಂದರೆ ಸೋಜಿಗವಲ್ಲವೆ? ಕೊಳವೆಯ ತಣ್ಣನೆಯ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ ಜೋಡಿಸಿದ ಲೋಹದ ರೆಕ್ಕೆಗಳಿರುತ್ತವೆ. ಫ್ಯಾನು ಕೆಳಗಿನ ಗಂಡಿಯಿಂದ ಗಾಳಿಯನ್ನೆಳೆದು ಆ ರೆಕ್ಕೆಗಳ ಸಂದಿಯಲ್ಲಿ ಊದಿ, ಶಾಖವನ್ನು ಹೊರಗೆ ನೂಕುತ್ತದೆ.

ಲೇಪ, ಕೊಳವೆ, ರೆಕ್ಕೆ, ಫ್ಯಾನು, ಗಂಡಿ. ಶಾಖ ಹೊರಹೋಗುವ ರಾಜಮಾರ್ಗ ಇಷ್ಟೇ. ಇವುಗಳಲ್ಲಿ ಯಾವುದೊಂದು ಕಡೆ ತಡೆಯುಂಟಾದರೂ ಒಳಗೆ ಕಾವು ಏರುತ್ತದೆ. ಆಗ ಪ್ರಾಸೆಸರು ತನ್ನ ರಕ್ಷಣೆಯನ್ನು ತಾನೇ ಮಾಡಿಕೊಳ್ಳುತ್ತದೆ. ಉಷ್ಣತೆ ತನ್ನ ಮಿತಿಯನ್ನು ಮುಟ್ಟುತ್ತಿದ್ದಂತೆ ಮೊದಲು ಕೆಲಸದ ವೇಗವನ್ನು ತಗ್ಗಿಸುತ್ತದೆ. ಹಲವು ಪ್ರಾಸೆಸರುಗಳಲ್ಲಿ ಈ ಮಿತಿ 100 ಡಿಗ್ರಿ ಸೆಲ್ಷಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ವೇಗ ತಗ್ಗಿಸಿದರೂ ಕಾವು ಇಳಿಯದಿದ್ದರೆ ಯಂತ್ರ ತಾನಾಗಿ ಆರಿಹೋಗುತ್ತದೆ. ಮಧ್ಯಾಹ್ನ ಚುರುಕಾಗಿದ್ದ ಯಂತ್ರ ಸಂಜೆಯ ಹೊತ್ತಿಗೆ ಎತ್ತಿನಗಾಡಿಯಂತೆ ನಡೆಯತೊಡಗಿದರೆ, ಅದಕ್ಕೆ ವಯಸ್ಸಾಯಿತೆಂದು ನಿಟ್ಟುಸಿರು ಬಿಡುವ ಮೊದಲು ಈ ಕಾರಣವನ್ನು ನೆನೆಯಿರಿ.

ಅಂಗೈ ಪರೀಕ್ಷೆ

ಈಗ ನಾಡಿ ಹಿಡಿಯುವ ಕ್ರಮ. ಯಂತ್ರವನ್ನು ಬರಿಯ ಮರದ ಮೇಜಿನ ಮೇಲಿಟ್ಟು, ಎಂದಿನ ಕೆಲಸವನ್ನು ಅರ್ಧ ಗಂಟೆ ಮಾಡಿ. ಬಿಸಿಯೇರಿದ ಮೇಲೆ, ಗಾಳಿ ಹೊರಬೀಳುವ ಗಂಡಿಯ ಎದುರಿಗೆ ಅಂಗೈಯನ್ನು ಹಿಡಿಯಿರಿ. ಆ ಗಂಡಿ ಸಾಮಾನ್ಯವಾಗಿ ಪಕ್ಕದಲ್ಲೋ ಪರದೆಯ ಕೀಲಿನ ಬಳಿಯೋ ಇರುತ್ತದೆ. ಕಿವಿಯನ್ನು ಫ್ಯಾನಿನ ಸದ್ದಿಗೆ ಕೊಡಿ. ನಿಮಗೆ ನಾಲ್ಕರಲ್ಲಿ ಒಂದು ಉತ್ತರ ದೊರೆಯುತ್ತದೆ.

ಮೊದಲನೆಯದು: ಫ್ಯಾನು ಜೋರಾಗಿ ತಿರುಗುತ್ತಿದೆ, ಬಿಸಿಗಾಳಿಯೂ ರಭಸವಾಗಿ ಬರುತ್ತಿದೆ. ಎಂದರೆ ದಾರಿ ಸುಗಮವಾಗಿದೆ. ಯಂತ್ರದ ತಲೆಯ ಮೇಲೆ ಹೊರೆ ಹೆಚ್ಚಾಗಿದೆ. ಎರಡನೆಯದು: ಸದ್ದು ಜೋರು, ಗಾಳಿ ಮಾತ್ರ ಕ್ಷೀಣ. ರೆಕ್ಕೆಗಳ ಸಂದಿಯಲ್ಲಿ ಧೂಳು ಕಟ್ಟಿದೆ. ಮೂರನೆಯದು: ಮೈಯೆಲ್ಲ ಸುಡುತ್ತಿದ್ದರೂ ಫ್ಯಾನಿನ ಸದ್ದೇ ಇಲ್ಲ, ಅಥವಾ ಗರಗರನೆ ಉಜ್ಜಿದಂತೆ ಕೇಳಿಸುತ್ತದೆ. ಫ್ಯಾನೇ ಕೆಟ್ಟಿರಬೇಕು. ನಾಲ್ಕನೆಯದು: ಫ್ಯಾನು ಜೋರಾಗಿದೆ, ಗಾಳಿಯೂ ಧಾರಾಳ, ಆದರೆ ಅದು ತಣ್ಣಗಿದೆ, ಯಂತ್ರದ ಒಡಲು ಮಾತ್ರ ಕಾದಿದೆ. ಶಾಖವು ಪ್ರಾಸೆಸರಿನಿಂದ ರೆಕ್ಕೆಯವರೆಗೆ ಬರುತ್ತಲೇ ಇಲ್ಲ. ನಡುವಣ ಲೇಪ ಒಣಗಿರಬಹುದು ಅಥವಾ ಕೊಳವೆ ಕೆಟ್ಟಿರಬಹುದು.

ಒಂದು ಮಾತು ಸೇರಿಸಬೇಕು. ಫ್ಯಾನೇ ಇಲ್ಲದ ಲ್ಯಾಪ್‌ಟಾಪುಗಳೂ ಉಂಟು. ಆಪಲ್ ಸಂಸ್ಥೆ 2020ರ ಕೊನೆಯಲ್ಲಿ ಹೊರತಂದ ಮ್ಯಾಕ್‌ಬುಕ್ ಏರ್ ಅಂಥದು. ಅವುಗಳಲ್ಲಿ ಲೋಹದ ಮೈಯೇ ಶಾಖವನ್ನು ಹೊರಗೆ ಬಿಡುತ್ತದೆ. ಸದ್ದು ಕೇಳಿಸಲಿಲ್ಲವೆಂದು ಅದರ ಒಡೆಯರು ಹೆದರಬೇಕಾಗಿಲ್ಲ. ಅವರು ಮುಂದಿನ ಎರಡು ಭಾಗಗಳನ್ನು ಗಮನವಿಟ್ಟು ಓದಿದರೆ ಸಾಕು.

ಹಾಸಿಗೆಯ ಸುಖ

ಮೇಜಿನ ಮೇಲಿಟ್ಟ ಕೂಡಲೆ ಕಾವು ಇಳಿದುಹೋಯಿತೆ? ಹಾಗಾದರೆ ರೋಗದ ಮೂಲ ಯಂತ್ರದಲ್ಲಿಲ್ಲ, ಅದನ್ನಿಟ್ಟ ಸ್ಥಳದಲ್ಲಿದೆ. ನಮ್ಮ ಮನೆಗಳಲ್ಲಿ ಲ್ಯಾಪ್‌ಟಾಪು ಮೇಜಿಗಿಂತ ಹೆಚ್ಚಾಗಿ ಹಾಸಿಗೆಯ ಮೇಲೆ, ದಿಂಬಿನ ಮೇಲೆ, ಸೋಫಾದ ಮೆತ್ತೆಯ ಮೇಲೆ ಕಾಲ ಕಳೆಯುತ್ತದೆ. ಗಾಳಿಯನ್ನು ಒಳಗೆಳೆಯುವ ಗಂಡಿ ಬಹುತೇಕ ಯಂತ್ರಗಳಲ್ಲಿ ಹೊಟ್ಟೆಯ ಅಡಿಯಲ್ಲಿರುತ್ತದೆ. ಮೆತ್ತನೆಯ ಹಾಸಿಗೆಯಲ್ಲಿ ಅದು ಹೂತುಕೊಂಡಿತೆಂದರೆ ಮನುಷ್ಯನ ಮೂಗಿಗೆ ಬಟ್ಟೆ ಒತ್ತಿ ಹಿಡಿದಂತೆಯೇ ಸರಿ. ಅಷ್ಟೇ ಅಲ್ಲದೆ, ರಗ್ಗಿನ ನೂಲಿನೆಳೆಗಳೂ ಹತ್ತಿಯ ನಾರುಗಳೂ ಗಾಳಿಯೊಡನೆ ಒಳಕ್ಕೆ ಹೋಗಿ ರೆಕ್ಕೆಗಳಿಗೆ ಸಿಕ್ಕಿಕೊಳ್ಳುತ್ತವೆ.

ಪರಿಹಾರ ಸುಲಭ. ಗಟ್ಟಿಯಾದ, ಸಮತಟ್ಟಾದ ಜಾಗದಲ್ಲಿಡಿ. ಹಾಸಿಗೆಯ ಮೇಲೆಯೇ ಬೇಕೆಂದರೆ ಕೆಳಗೆ ಒಂದು ಮಣೆಯನ್ನೋ ಮರದ ಹಲಗೆಯನ್ನೋ ಹಾಕಿಕೊಳ್ಳಿ. ಹಿಂಭಾಗದ ಎರಡು ಮೂಲೆಗಳಿಗೆ ಗಂಡಿ ಮುಚ್ಚದಂತೆ ಚಿಕ್ಕ ರಬ್ಬರಿನ ತುಂಡುಗಳನ್ನು ಕೊಟ್ಟು ಅರ್ಧ ಅಂಗುಲ ಎತ್ತರಿಸಿದರೂ ಗಾಳಿಯ ಓಡಾಟ ಸುಧಾರಿಸುತ್ತದೆ. ಫ್ಯಾನುಗಳನ್ನು ಕೂಡಿಸಿದ ತಂಪಿನ ಪೀಠಗಳು ಪೇಟೆಯಲ್ಲಿ ಸಿಗುತ್ತವೆ. ಗಂಡಿ ಅಡಿಯಲ್ಲಿರುವ ಯಂತ್ರಕ್ಕೆ ಅವುಗಳಿಂದ ಕೊಂಚ ಉಪಕಾರವಾಗುವುದುಂಟು. ಆದರೆ ಒಳಗೆ ಧೂಳು ಕಟ್ಟಿಕೊಂಡಿದ್ದರೆ ಅದು ಜ್ವರದ ಹಣೆಗೆ ಒದ್ದೆಬಟ್ಟೆ ಹಾಕಿದಂತೆ, ಹಾಯೆನಿಸೀತು, ಗುಣವಾಗದು.

ಹೆಸರಿನಲ್ಲಿಯೇ 'ಲ್ಯಾಪ್', ಅಂದರೆ ತೊಡೆ ಇದ್ದರೂ, ಬಿಸಿಯಾದ ಯಂತ್ರವನ್ನು ದಿನವೂ ಗಂಟೆಗಟ್ಟಲೆ ತೊಡೆಯ ಮೇಲಿಟ್ಟುಕೊಳ್ಳುವುದು ಹಿತವಲ್ಲ. ಸುಡದಷ್ಟು ಹದವಾದ ಶಾಖವೇ ಆದರೂ ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ತಾಗುತ್ತಿದ್ದರೆ ಚರ್ಮದ ಮೇಲೆ ಬಲೆಯಂತೆ ಕಂದುಗೆರೆಗಳು ಮೂಡುತ್ತವೆ. ಚಳಿದೇಶಗಳಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂರುವವರಲ್ಲಿ ವೈದ್ಯರು ಹಿಂದಿನಿಂದಲೂ ಕಂಡಿದ್ದ ಲಕ್ಷಣವಿದು. 2010ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು 12 ವರ್ಷದ ಬಾಲಕನೊಬ್ಬನ ತೊಡೆಯಲ್ಲಿ ಇದನ್ನು ಕಂಡು, 'ಪೀಡಿಯಾಟ್ರಿಕ್ಸ್' ಎಂಬ ಮಕ್ಕಳ ವೈದ್ಯಶಾಸ್ತ್ರದ ಪತ್ರಿಕೆಯಲ್ಲಿ ವರದಿ ಮಾಡಿದರು. ಹುಡುಗ ಕೆಲವು ತಿಂಗಳ ಕಾಲ ದಿನವೂ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಆಟವಾಡುತ್ತಿದ್ದನಂತೆ. ಬೇಸಗೆಯ ರಜೆಯಲ್ಲಿ ಮಕ್ಕಳ ಮೇಲೆ ಕಣ್ಣಿಡುವ ತಾಯಂದಿರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕೋಣೆಯ ಬಿಸಿಯನ್ನೂ ಮರೆಯುವಂತಿಲ್ಲ. ತನ್ನ ಲ್ಯಾಪ್‌ಟಾಪುಗಳನ್ನು 10ರಿಂದ 35 ಡಿಗ್ರಿ ಸೆಲ್ಷಿಯಸ್ ಹವೆಯಲ್ಲಿ ಬಳಸಬೇಕೆಂದು ಆಪಲ್ ಸಂಸ್ಥೆ ತಿಳಿಸುತ್ತದೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಅಂಥ ನಡುಹಗಲಲ್ಲಿ ಕಿಟಕಿಯ ಬಿಸಿಲಿಗೆ ಯಂತ್ರವನ್ನಿಟ್ಟು ಅದರ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ. ಭಾರವಾದ ಕೆಲಸವನ್ನು ಮುಂಜಾನೆಗೋ ರಾತ್ರಿಗೋ ತಳ್ಳಿ. ನಿಲ್ಲಿಸಿದ ಮೋಟಾರುಗಾಡಿಯೊಳಗೆ ಯಂತ್ರವನ್ನು ಬಿಟ್ಟುಹೋಗುವುದಂತೂ ಕೂಡದು.

ಕಾಣದ ಕೆಲಸಗಾರರು

ಅಂಗೈ ಪರೀಕ್ಷೆಯಲ್ಲಿ ಮೊದಲನೆಯ ಉತ್ತರ ಬಂದವರಿಗೆ ಈ ಮಾತು. ನೀವು ಒಂದು ಕಾಗದ ಬರೆಯುತ್ತಿದ್ದೀರಿ, ಅಷ್ಟೇ. ಆದರೂ ಫ್ಯಾನು ಮದುವೆಮನೆಯ ಒಲೆಯಂತೆ ಭೋರ್ಗರೆಯುತ್ತಿದೆ. ಹಾಗಾದರೆ ನಿಮಗೆ ಕಾಣದಂತೆ ಯಾರೋ ಒಳಗೆ ದುಡಿಯುತ್ತಿದ್ದಾರೆಂದೇ ಅರ್ಥ. ವಿಂಡೋಸ್ ಯಂತ್ರವಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. 'ಟಾಸ್ಕ್ ಮ್ಯಾನೇಜರ್' ಎಂಬ ಹಾಜರಿಪುಸ್ತಕ ತೆರೆಯುತ್ತದೆ. ಅದರಲ್ಲಿ 'ಸಿಪಿಯು' ಎಂಬ ಅಂಕಣದ ತಲೆಯನ್ನು ಒತ್ತಿದರೆ, ಹೆಚ್ಚು ದುಡಿಯುತ್ತಿರುವವರು ಮೇಲೆ ಬಂದು ನಿಲ್ಲುತ್ತಾರೆ. ಮ್ಯಾಕ್ ಯಂತ್ರದಲ್ಲಿ ಇದೇ ಕೆಲಸಕ್ಕೆ 'ಆಕ್ಟಿವಿಟಿ ಮಾನಿಟರ್' ಇದೆ.

ಏನೂ ಕೆಲಸವಿಲ್ಲದಾಗ ಸಿಪಿಯುವಿನ ಹೊರೆ ಶೇಕಡ ನಾಲ್ಕಾರಕ್ಕೆ ಇಳಿದಿರಬೇಕು. ಅದು 50, 60, 90 ಎಂದು ನಿಂತಿದ್ದರೆ ಪಟ್ಟಿಯ ತಲೆಯಲ್ಲಿರುವ ಹೆಸರನ್ನು ಓದಿ. ಬಹಳಷ್ಟು ಮನೆಗಳಲ್ಲಿ ಅಪರಾಧಿ ಬ್ರೌಸರೇ ಆಗಿರುತ್ತದೆ. ಮಗಳು ತೆರೆದ ಹತ್ತು ಪುಟ, ತಂದೆ ತೆರೆದ ಎಂಟು ಪುಟ, ಅವುಗಳ ನಡುವೆ ಎಲ್ಲೋ ಸದ್ದಡಗಿಸಿ ಓಡುತ್ತಿರುವ ಒಂದು ಚಲಚ್ಚಿತ್ರ; ಎಲ್ಲವೂ ಸೇರಿ ಯಂತ್ರದ ಬೆನ್ನು ಮುರಿಯುತ್ತವೆ. ಬೇಡವಾದುದನ್ನು ಮುಚ್ಚಿ. ಬ್ರೌಸರಿಗೆ ಯಾವಾಗಲೋ ಅಂಟಿಸಿಕೊಂಡು ಮರೆತ ಉಪಾಂಗಗಳನ್ನು ಕಿತ್ತುಹಾಕಿ.

ಕೆಲವು ವೇಳೆ ಹೊರೆ ತಾತ್ಕಾಲಿಕವಾದದ್ದು. ಹೊಸ ಆವೃತ್ತಿಯನ್ನು ಇಳಿಸಿಕೊಳ್ಳುವಾಗ, ವೈರಸ್ ತಪಾಸಣೆ ನಡೆಯುವಾಗ, ನೂರಾರು ಭಾವಚಿತ್ರಗಳನ್ನು ದೂರದ ಉಗ್ರಾಣಕ್ಕೆ ಕಳಿಸುವಾಗ ಯಂತ್ರ ಒಂದೆರಡು ಗಂಟೆ ಬಿಸಿಯಾಗಿ, ಆಮೇಲೆ ತಣ್ಣಗಾಗುತ್ತದೆ. ಅದಕ್ಕೆ ತಾಳ್ಮೆಯೇ ಮದ್ದು. ಆದರೆ ಗುರುತಿಲ್ಲದ ಹೆಸರೊಂದು ದಿನವಿಡೀ ತಲೆಯಲ್ಲಿ ಕುಳಿತಿದ್ದರೆ ಅನುಮಾನಿಸಬೇಕು. ಪುಕ್ಕಟೆ ಆಟ, ಪುಕ್ಕಟೆ ಸಿನಿಮಾಗಳ ವೇಷದಲ್ಲಿ ಮನೆಹೊಕ್ಕು, ನಿಮ್ಮ ವಿದ್ಯುತ್ತಿನಲ್ಲಿ ತಮ್ಮ ಯಜಮಾನನಿಗೆ ಡಿಜಿಟಲ್ ನಾಣ್ಯ ದುಡಿದುಕೊಡುವ ಕಳ್ಳ ತಂತ್ರಾಂಶಗಳುಂಟು. ವೈರಸ್ ನಿವಾರಕದಿಂದ ಪೂರ್ಣ ತಪಾಸಣೆ ಮಾಡಿಸಿ.

ಇನ್ನೊಂದು ಸುಲಭೋಪಾಯ. ವಿಂಡೋಸಿನ ಸೆಟ್ಟಿಂಗುಗಳಲ್ಲಿ 'ಪವರ್ ಮೋಡ್' ಎಂಬುದೊಂದಿದೆ. ಅದು ಅತ್ಯಧಿಕ ಸಾಮರ್ಥ್ಯದ ಮೇಲಿದ್ದರೆ ಸಮತೋಲಕ್ಕೋ ಮಿತವ್ಯಯಕ್ಕೋ ಇಳಿಸಿ. ಕಾಗದ ಬರೆಯುವ, ಲೆಕ್ಕ ಇಡುವ ಕೆಲಸಕ್ಕೆ ಇದರಿಂದ ಹೆಚ್ಚಿನ ವ್ಯತ್ಯಾಸ ತೋರದು. ಕಾವು ಮಾತ್ರ ತಗ್ಗುತ್ತದೆ. ಮತ್ತೆ, ಚೀಲಕ್ಕೆ ಹಾಕುವ ಮೊದಲು ಯಂತ್ರವನ್ನು ಪೂರ್ತಿಯಾಗಿ ಆರಿಸಿ. ಬರಿದೆ ಮುಚ್ಚಳ ಹಾಕಿದರೆ ಅದು ನಿದ್ರಿಸುತ್ತದೆ, ನಿಜ. ನಡುವೆ ಎಚ್ಚೆತ್ತು ಚೀಲದೊಳಗೇ ಬೆಂದುಹೋಗುವುದೂ ಉಂಟು.

ಹೊಗೆಗೂಡಿನ ಕಸ

ಎರಡನೆಯ ಉತ್ತರ ಬಂದವರ ಸಂಖ್ಯೆ ನಮ್ಮ ಊರುಗಳಲ್ಲಿ ದೊಡ್ಡದು. ರಸ್ತೆಯ ಧೂಳು, ಒಗ್ಗರಣೆಯ ಎಣ್ಣೆಹೊಗೆ, ದೇವರಮನೆಯ ಊದುಬತ್ತಿಯ ಮಸಿ, ತಲೆಗೂದಲು, ಸಾಕಿದ ಬೆಕ್ಕಿನ ರೋಮ, ಎಲ್ಲವೂ ಕೂಡಿ ರೆಕ್ಕೆಗಳ ಮೇಲೆ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ. ಹಿಂದೆ ಅಡುಗೆಮನೆಯ ಹೊಗೆಗೂಡಿನಲ್ಲಿ ಮಸಿ ಕಟ್ಟಿದರೆ ಹೊಗೆಯೆಲ್ಲ ಒಳಕ್ಕೇ ತಿರುಗುತ್ತಿತ್ತಲ್ಲ, ಇಲ್ಲಿಯೂ ಅದೇ ಕಥೆ.

ಶುಚಿಮಾಡುವ ಕ್ರಮ ಹೀಗೆ. ಯಂತ್ರವನ್ನು ಆರಿಸಿ, ಚಾರ್ಜರನ್ನು ಕಳಚಿ, ಪೂರ್ತಿ ತಣ್ಣಗಾಗಲು ಬಿಡಿ. ಒತ್ತಿ ತುಂಬಿದ ಗಾಳಿಯ ಡಬ್ಬಿಗಳು ಗಣಕದ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಡಬ್ಬಿಯನ್ನು ನೆಟ್ಟಗೆ ಹಿಡಿದು ಗಂಡಿಯೊಳಕ್ಕೆ ಬಿಟ್ಟು ಬಿಟ್ಟು ಊದಿ. ಕೆಳಮುಚ್ಚಳ ತೆಗೆಯಬಲ್ಲವರು ಫ್ಯಾನಿನ ಎಲೆಯನ್ನು ಮರದ ಕಡ್ಡಿಯಿಂದ ಅಲುಗದಂತೆ ಹಿಡಿಯಬೇಕು. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಕೆಡುವ ಸಂಭವವುಂಟು. ಮೊದಲು ಮುಚ್ಚಳ ತೆಗೆದರೆ ಖಾತರಿಗೆ ಧಕ್ಕೆಯಿದೆಯೇ ಎಂದು ಕಾಗದಪತ್ರ ನೋಡಿಕೊಳ್ಳಿ. ಬಾಯಿಂದ ಊದಬೇಡಿ, ಉಗುಳಿನ ತೇವ ಒಳಸೇರುತ್ತದೆ. ಮನೆಗುಡಿಸುವ ವ್ಯಾಕ್ಯೂಮ್ ಯಂತ್ರವೂ ಬೇಡ, ಅದರಿಂದ ಹುಟ್ಟುವ ಸ್ಥಿರವಿದ್ಯುತ್ತು ನಾಜೂಕಾದ ಭಾಗಗಳನ್ನು ಕೆಡಿಸಬಲ್ಲುದು. ಒದ್ದೆಬಟ್ಟೆಯ ಮಾತಂತೂ ಬೇಡವೇ ಬೇಡ. ದೀಪಾವಳಿಗೋ ಯುಗಾದಿಗೋ ಮನೆಯ ಧೂಳು ಹೊಡೆಯುವಾಗ ಯಂತ್ರವನ್ನು ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟು, ಹಬ್ಬ ಕಳೆದ ಮೇಲೆ ಅದರ ಗಂಡಿಗಳನ್ನೊಮ್ಮೆ ಶುಚಿಮಾಡುವ ಪದ್ಧತಿ ಇಟ್ಟುಕೊಂಡರೆ ಮರೆಯುವುದಿಲ್ಲ.

ಅಂಗಡಿಯವನೊಡನೆ ಮಾತು

ಮೂರನೆಯ ಮತ್ತು ನಾಲ್ಕನೆಯ ಉತ್ತರ ಬಂದವರು ಅಂಗಡಿಗೆ ಹೋಗಲೇಬೇಕು. ಆದರೆ ಈಗ ನೀವು ಬರಿಗೈಯಲ್ಲಿ ಹೋಗುತ್ತಿಲ್ಲ. "ಏನೋ ಬಿಸಿಯಾಗುತ್ತೆ, ನೋಡಿಪ್ಪಾ" ಎನ್ನುವವರಿಗೂ, "ಮೇಜಿನ ಮೇಲಿಟ್ಟು ನೋಡಿದ್ದೇನೆ, ಸಿಪಿಯು ಹೊರೆ ಶೇಕಡ 5 ಮಾತ್ರ ಇದೆ, ಧೂಳು ತೆಗೆದಿದ್ದೇನೆ, ಫ್ಯಾನು ತಿರುಗುತ್ತಿದ್ದರೂ ಹೊರಗೆ ಬರುವ ಗಾಳಿ ತಣ್ಣಗಿದೆ, ಥರ್ಮಲ್ ಪೇಸ್ಟು ಒಣಗಿರಬಹುದೇ ನೋಡಿ" ಎನ್ನುವವರಿಗೂ ಅಂಗಡಿಯಲ್ಲಿ ಸಿಗುವ ಉತ್ತರ ಬೇರೆಬೇರೆಯಾಗಿರುತ್ತದೆ. ಥರ್ಮಲ್ ಪೇಸ್ಟೆಂದರೆ ಆಗ ಹೇಳಿದ ಬೂದುಬಣ್ಣದ ಲೇಪವೇ. ವರ್ಷಗಳು ಕಳೆದಂತೆ ಅದು ಒಣಗಿ ಬಿರುಕುಬಿಡುತ್ತದೆ. ಹಳೆಯದನ್ನು ಒರೆಸಿ ಹೊಸದನ್ನು ಹಚ್ಚುವುದು, ಕೆಟ್ಟ ಫ್ಯಾನನ್ನು ಬದಲಿಸುವುದು, ಇವೆರಡೂ ಹೊಸ ಯಂತ್ರದ ಬೆಲೆಯ ಮುಂದೆ ಅಲ್ಪ ವೆಚ್ಚದ ಕೆಲಸಗಳು.

ಮಾಡಿಸುವ ಮೊದಲು ಅಂದಾಜನ್ನು ಬರಹದಲ್ಲಿ ಕೇಳಿ. ಬದಲಿಸಿದ ಹಳೆಯ ಭಾಗವನ್ನು ಹಿಂದಕ್ಕೆ ಕೊಡಬೇಕೆಂದು ಹೇಳಿ. ಮದರ್‌ಬೋರ್ಡೇ ಹೋಗಿದೆ ಎಂದರೆ, ಮತ್ತೊಬ್ಬರಿಗೆ ತೋರಿಸದೆ ಒಪ್ಪಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅಂಗಡಿಗೆ ಕೊಡುವ ಹಿಂದಿನ ದಿನವೇ ಮದುವೆಯ ಭಾವಚಿತ್ರಗಳು, ಮಕ್ಕಳ ಪ್ರಮಾಣಪತ್ರಗಳು, ಕಚೇರಿಯ ಕಡತಗಳು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವೇನು?

ಮುಟ್ಟಬಾರದ ಕಾವು

ಮೊದಲಿಗೆ ಹೇಳಿದ ಅಪವಾದಕ್ಕೆ ಈಗ ಬಂದೆವು. ಇಷ್ಟು ಹೊತ್ತು ಹೇಳಿದುದೆಲ್ಲ ಪ್ರಾಸೆಸರಿನ ಕಾವಿನ ಮಾತು. ಬ್ಯಾಟರಿಯ ಕಾವು ಬೇರೆ ಜಾತಿಯದು. ಲಿಥಿಯಂ ಅಯಾನ್ ಬ್ಯಾಟರಿಯೊಳಗೆ ಹೊತ್ತಿಕೊಳ್ಳಬಲ್ಲ ದ್ರವವಿರುತ್ತದೆ. ಒಳಗೆ ಹದಗೆಟ್ಟರೆ ಅನಿಲ ಹುಟ್ಟಿ ಬ್ಯಾಟರಿ ಉಬ್ಬುತ್ತದೆ. ಉಷ್ಣತೆ ಒಂದು ಮಟ್ಟ ದಾಟಿದರೆ ಶಾಖವೇ ಶಾಖವನ್ನು ಹುಟ್ಟಿಸುತ್ತ ಬೆಂಕಿಯಾಗುತ್ತದೆ. ಇದು ಬರಿಯ ಹೆದರಿಕೆಯಲ್ಲ. 2006ರ ಆಗಸ್ಟಿನಲ್ಲಿ ಡೆಲ್ ಸಂಸ್ಥೆ, ಸೋನಿ ತಯಾರಿಸಿದ್ದ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಬೆಂಕಿಯ ಅಪಾಯಕ್ಕಾಗಿ ಹಿಂದಕ್ಕೆ ಕರೆಯಿತು. 2019ರಲ್ಲಿ ಆಪಲ್ ತನ್ನ ಒಂದು ಮಾದರಿಯ ಬ್ಯಾಟರಿಗಳನ್ನು ಇದೇ ಕಾರಣಕ್ಕೆ ಹಿಂದಕ್ಕೆ ಕರೆದಾಗ, ಆ ಲ್ಯಾಪ್‌ಟಾಪುಗಳನ್ನು ವಿಮಾನದಲ್ಲಿ ತರಬೇಡಿರೆಂದು ನಮ್ಮ ದೇಶದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಪ್ರಯಾಣಿಕರಿಗೆ ತಿಳಿಸಿತು.

ಗುರುತುಗಳನ್ನು ಮನೆಯವರೆಲ್ಲ ತಿಳಿದಿರಬೇಕು. ಬೆರಳಾಡಿಸುವ ಟಚ್‌ಪ್ಯಾಡ್ ಮೇಲೆದ್ದು ಒತ್ತಲು ಬಾರದಾಗುವುದು. ಮುಚ್ಚಳ ಸರಿಯಾಗಿ ಕೂಡದಿರುವುದು. ಸಮನಾದ ಮೇಜಿನ ಮೇಲೂ ಯಂತ್ರ ತೊಟ್ಟಿಲಿನಂತೆ ತೂಗುವುದು. ಅಡಿಯ ತಗಡು ಉಬ್ಬುವುದು. ಸಿಹಿಯಾದ ಅಥವಾ ಮಂದವಾದ ರಾಸಾಯನಿಕ ವಾಸನೆ. ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆ, ಪ್ರಯೋಗ ಯಾವುದೂ ಬೇಡ. ಕೂಡಲೆ ಆರಿಸಿ, ಚಾರ್ಜರ್ ಕಳಚಿ, ಪರದೆ ಹಾಸಿಗೆಗಳಿಂದ ದೂರವಾಗಿ ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲಿಡಿ. ಉಬ್ಬನ್ನು ಒತ್ತಬೇಡಿ, ಚುಚ್ಚಬೇಡಿ, 'ಇನ್ನೊಂದೇ ದಿನ, ಪರೀಕ್ಷೆ ಮುಗಿಯಲಿ' ಎಂದು ಮತ್ತೆ ಚಾರ್ಜಿಗೆ ಹಾಕಬೇಡಿ. ತಯಾರಕರ ಅಧಿಕೃತ ಸೇವಾಕೇಂದ್ರಕ್ಕೆ ತಿಳಿಸಿ. ಹೊಗೆಯೋ ಬುಸುಗುಟ್ಟುವ ಸದ್ದೋ ಕಂಡುಬಂದರೆ ಯಂತ್ರದ ಆಸೆ ಬಿಟ್ಟು, ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ, 101ಕ್ಕೆ ಕರೆಮಾಡಿ.

ಹಳೆಯ ಬ್ಯಾಟರಿಯನ್ನು ಮನೆಯ ಕಸದೊಡನೆ ಹಾಕಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಬೇರೆಯಾಗಿಟ್ಟು ಸಂಗ್ರಹಣೆಗೆ ಒಪ್ಪಿಸುವುದು ಬಳಕೆದಾರನ ಕರ್ತವ್ಯ. ಅದರ ಮುಂದಿನ ವಿಲೇವಾರಿ ತಯಾರಕರ ಹೊಣೆ. ಬ್ಯಾಟರಿ ಚೆನ್ನಾಗಿರುವಾಗಲೇ ಅದರ ಆಯುಸ್ಸನ್ನು ಕಾಪಾಡುವ ದಾರಿಯೂ ಉಂಟು. ತುಂಬಿದ ಬ್ಯಾಟರಿ ಬಿಸಿಯಲ್ಲಿದ್ದರೆ ಬೇಗ ಮುದಿಯಾಗುತ್ತದೆ. ದಿನವಿಡೀ ಚಾರ್ಜರಿಗೆ ಸಿಕ್ಕಿಸಿಯೇ ಕೆಲಸಮಾಡುವವರು, ಹಲವು ತಯಾರಕರು ಕೊಟ್ಟಿರುವ ಶೇಕಡ 80ರ ಮಿತಿಯನ್ನು ಹಾಕಿಕೊಳ್ಳುವುದು ಒಳ್ಳೆಯದು. ಯಂತ್ರದೊಡನೆ ಬಂದ ಚಾರ್ಜರನ್ನೋ, ತಯಾರಕರು ಒಪ್ಪುವ ಅದೇ ಅಳತೆಯದನ್ನೋ ಬಳಸಿ. ಬೀದಿಬದಿಯ ಅಗ್ಗದ್ದು ಬೇಡ.

ಒಟ್ಟು ಕ್ರಮ ಇಷ್ಟು: ಮೊದಲು ಬ್ಯಾಟರಿ ಉಬ್ಬಿಲ್ಲವೆಂದು ಖಚಿತಪಡಿಸಿಕೊಳ್ಳಿ, ಆಮೇಲೆ ಸ್ಥಳ, ಆಮೇಲೆ ಹೊರೆ, ಆಮೇಲೆ ಧೂಳು, ಕೊನೆಗೆ ಅಂಗಡಿ. ಮೊದಲ ಮೂರಕ್ಕೆ ಒಂದು ಕಾಸೂ ಬೇಡ. ನಾಲ್ಕನೆಯದಕ್ಕೆ ಒಂದು ಗಾಳಿಡಬ್ಬಿಯ ಖರ್ಚು. ಈ ಪುಟವನ್ನು ಕತ್ತರಿಸಿ, ಮನೆಯ ವಿದ್ಯುತ್ ಮೀಟರಿನ ರಸೀತಿಗಳೊಡನೆ ಇಟ್ಟುಕೊಂಡಿರಿ. ಯಂತ್ರ ಮುಂದೊಮ್ಮೆ ಕಾದು ಕೂಗಿದಾಗ, ಜೇಬಿಗೆ ಕೈಹಾಕುವ ಮೊದಲು ಅಂಗೈಯನ್ನು ಅದರ ಗಂಡಿಯ ಮುಂದೆ ಹಿಡಿದು ನೋಡಿ.